ಕೈಗುಣ

ನನ್ನ ಕೈಗುಣ ಚೆನ್ನಾಗಿದೆ ಎಂದು ಮೊದಲು ಹೇಳಿದವರು ನಮ್ಮ ಸೀರೆ ಅಂಗಡಿಯ ಮಾಲೀಕರು, ಗೌರೀಶಂಕರಣ್ಣ. ಜಯನಗರದ ಆ ಅಂಗಡಿಯಲ್ಲಿ ಧಾರೆ ಸೀರೆಯನ್ನು ಸುಮ್ಮನೆ ಕವರಿಗೆ ಹಾಕಿ ಕೊಡುವುದಿಲ್ಲ. ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಮದುವಣಗಿತ್ತಿಯ ಕಡೆಯವರ ಕೈಗೆ ಕೊಡಬೇಕು. ಕೊಡುವವಳು ನಾನು, ಉಮಾಮಹೇಶ್ವರಿ. ಆರು ವರ್ಷ ಕೊಟ್ಟೆ, ಬಿಳೇಕಹಳ್ಳಿಯ ನಮ್ಮ ಬೀದಿಯಲ್ಲೆಲ್ಲ ಜಂಬ ಕೊಚ್ಚಿಕೊಂಡೆ.

ಆ ಸೀರೆಗಳನ್ನು ಮಾರುತ್ತಿದ್ದವಳು ಸಂಘಮಿತ್ರಾ, ತಿಲಕ್ ನಗರದ ದಲಿತ ಬೌದ್ಧರ ಮನೆಯವಳು. ಇಪ್ಪತ್ತು ಸೀರೆ ಹರವಿ, ತಾಯಿಗೊಂದು ಮಾತು ಮಗಳಿಗೊಂದು ಮಾತು ಹೇಳಿ ಒಪ್ಪಿಸುವಷ್ಟರಲ್ಲಿ ಅವಳ ಗಂಟಲು ಒಣಗಿರುತ್ತಿತ್ತು. ಬಿಲ್ಲಾದ ಮೇಲೆ ಅಣ್ಣ ನನ್ನನ್ನು ಕರೆಯುತ್ತಿದ್ದರು. ಕಮಿಷನ್ ಬರೆಯುತ್ತಿದ್ದದ್ದು ತಟ್ಟೆ ಕೊಟ್ಟವಳ ಹೆಸರಿಗೆ.

ಎರಡು ವರ್ಷದ ಹಿಂದೆ ಅವಳನ್ನು ಫ್ಲೋರ್ ಮ್ಯಾನೇಜರ್ ಮಾಡಿದರು. ಕೊರಳಿಗೆ ಬ್ಯಾಡ್ಜ್ ಬಂತು, ಓಟಿ ಹೋಯಿತು. ಮ್ಯಾನೇಜರಿಗೆ ಓಟಿ ಇಲ್ಲವಂತೆ! ಶಟರ್ ಅರ್ಧ ಇಳಿಸಿದ ಮೇಲೆ, ಗಿರಾಕಿಗಳು ಬಿಚ್ಚಿಸಿದ ಸೀರೆಗಳನ್ನೆಲ್ಲ ಹಳೆಯ ಗೆರೆಯ ಮೇಲೇ ಮತ್ತೆ ಮಡಿಸಬೇಕು. ನಾವು ಒಂದು ಗಂಟೆ ಮಡಿಸಿ ಹೊರಟರೆ ಅವಳು ಕೊನೆಯ ಸೀರೆಯವರೆಗೂ ಇರಬೇಕಿತ್ತು. ಕೊನೆಗೆ ಸಾಕಾಗಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು. ಓಟಿ ಕೊಟ್ಟಿಲ್ಲ, ತಾನು ಹೆಸರಿಗಷ್ಟೇ ಮ್ಯಾನೇಜರು, ಜಾತಿ ನೋಡಿ ತಟ್ಟೆ ತಪ್ಪಿಸಿದರು ಎಂದು ಅದರಲ್ಲಿ ಬರೆದಿದ್ದಳು.

ವಿಚಾರಣೆಯ ದಿನ ಅಣ್ಣ ನನ್ನನ್ನು ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಎರಡೇ ಮಾತು ಹೇಳಬೇಕೆಂದರು: ಅವಳು ಮ್ಯಾನೇಜರ್ ಆಗಿದ್ದಳು, ನನ್ನದು ಕೈಗುಣ. ನಾನು ಹೂಂ ಅಂದೆ. ಬಾಡಿಗೆ ಮನೆ, ಮಗಳು ಸಿರಿಯ ಕಾಲೇಜು, ನಲವತ್ತೆಂಟರ ವಯಸ್ಸು. ಹೂಂ ಅನ್ನದೆ ಏನು ಮಾಡಲಿ?

ಅಧಿಕಾರಿ ಮೇಡಂ, ಸಂಘಮಿತ್ರಾ ನಿಮಗೆ ಯಾವತ್ತಾದರೂ ರಜೆ ಕೊಟ್ಟಿದ್ದಾಳಾ ಎಂದು ಕೇಳಿದರು. ಸಿರಿಗೆ ಡೆಂಗಿ ಬಂದ ದಿನ ನೆನಪಾಯಿತು. ರಜೆ ಕೊಡಿಸು ಎಂದು ಅವಳನ್ನು ಕೇಳಿದ್ದೆ. ಅವಳು ಅಣ್ಣನಿಗೆ ಫೋನ್ ಮಾಡಿ ಗೋಗರೆದಳು, ಅವರು ಆಗುವುದಿಲ್ಲ ಅಂದರು.

“ರಜಾ ಕೊಡೋ ಅಧಿಕಾರ ಅವಳಿಗೆ ಇರ್ಲಿಲ್ಲ ಮೇಡಂ,” ಅಂದೆ. “ಮಗಳಿಗೆ ಹುಷಾರಿಲ್ದೇ ಇದ್ದಾಗ ನನ್ ಪಾಲಿನ ಸೀರೆನೂ ಅವಳೇ ಮಡಿಸಿ ನನ್ನ ಬೇಗ ಕಳಿಸಿದ್ಲು.”

ಅಣ್ಣ ಕೆಮ್ಮಿದರು. ಮೇಡಂ ಬರೆದುಕೊಂಡು, ಜಾತಿಯ ವಿಷಯ ಬೇರೆ ಕಡೆ ತೀರ್ಮಾನವಾಗಬೇಕು, ಆದರೂ ಹೇಳಿಕೆ ದಾಖಲಿಸುತ್ತೇನೆ ಎಂದರು. ತಟ್ಟೆಗೆ ನಿಮ್ಮನ್ನೇ ಏಕೆ ಕರೆಯುತ್ತಿದ್ದರು ಎಂದೂ ಕೇಳಿದರು.

ಕೈಗುಣ ಎನ್ನುವ ಮಾತು ಬಾಯಿಗೇ ಬಂದಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು. ಸ್ವಂತ ತಂಗಿಗೆ ಧಾರೆ ಸೀರೆ ಕೊಟ್ಟವಳು ನಾನೇ. ವರ್ಷ ತುಂಬುವುದರೊಳಗೆ ಅವಳು ಗಂಟುಮೂಟೆ ಸಮೇತ ತವರಿಗೆ ಬಂದಳು. ಎಲ್ಲಿಯ ಕೈಗುಣ!

“ಅಣ್ಣ ನಮ್ ಜಾತಿಯವರು ಮೇಡಂ, ಅದಕ್ಕೆ. ಅವಳ ಕೈಲಿ ಕೊಡ್ಸಿದ್ರೆ ಗಿರಾಕಿಗಳು ಒಪ್ಪಲ್ಲ ಅಂತ ನನ್ ಮುಂದೇನೇ ಹೇಳಿದ್ರು.”

ಸಹಿ ಹಾಕಿಸಿಕೊಂಡರು. ಮುಂದಿನ ತಿಂಗಳಿಗೆ ಇನ್ನೊಂದು ದಿನಾಂಕ ಕೊಟ್ಟರು. ಅಣ್ಣ ನನ್ನ ಕಡೆ ತಿರುಗಿಯೂ ನೋಡದೆ ಕಾರು ಹತ್ತಿ ಹೋದರು. ನನ್ನ ಕೆಲಸವೂ ಅಲ್ಲಿಗೆ ಮುಗಿಯಿತೆಂದು ಗೊತ್ತಾಯಿತು.

ಬಸ್ ಸ್ಟಾಪಿನಲ್ಲಿ ಸಂಘಮಿತ್ರಾ ನಿಂತಿದ್ದಳು. ಕೈ ಹಿಡಿದುಕೊಳ್ಳುತ್ತಾಳೆ, ಕಣ್ಣೀರು ಹಾಕುತ್ತಾಳೆ ಎಂದುಕೊಂಡಿದ್ದೆ. ಸುಳ್ಳೇಕೆ, ಅದು ನನಗೆ ಬೇಕಾಗಿತ್ತು.

“ಅವ್ರು ಹಾಗಂದಿದ್ದು ಯಾವಾಗ ಅಕ್ಕ?” ಎಂದು ಕೇಳಿದಳು.

ಹೋದ ವರ್ಷ ಎಂದುಬಿಡಬಹುದಿತ್ತು. “ನೀನು ಸೇರಿದ ಮೊದಲನೇ ವಾರ,” ಅಂದೆ. ಆಗಲೇ ಕೇಳಿಸಿಕೊಂಡಿದ್ದೆ. ಆದರೂ ಕೈಗುಣ ಎಂದು ನಂಬುವುದೇ ಹಿತವಾಗಿತ್ತು, ಕಮಿಷನ್ನೂ ಬರುತ್ತಿತ್ತು.

ಅವಳು ದೂರಿನ ಕಾಗದಗಳನ್ನು ಬ್ಯಾಗಿಗೆ ಹಾಕಿಕೊಂಡಳು.

“ಮೊದ್ಮೊದ್ಲು ನಾನೂ ನಿಮ್ ಕೈಗುಣ ಅಂತಾನೇ ನಂಬಿದ್ದೆ. ನನ್ ಮದ್ವೆ ಸೀರೆನ ನಿಮ್ ಕೈಯಿಂದಾನೇ ಇಸ್ಕೊಂಡೆ, ನೆನಪಿದ್ಯಾ?”

ನೆನಪಿತ್ತು. ಬಸ್ಸು ಬಂತು, ಅವಳು ಹತ್ತಿದಳು. ನನಗೂ ಅದೇ ಬಸ್ಸು, ಆದರೆ ನಾನು ಹತ್ತಲಿಲ್ಲ.