ಪಂಚರ ಮುಂದೆ ಒಡೆದ ಬಳೆ

ಕೊರಳಿಗೆ ಹಾಕಿದ ಚೆಂಡುಹೂವಿನ ಹಾರ ಇನ್ನೂ ಒದ್ದೆ, ಬಕೆಟ್ಟಿನ ನೀರಿನಿಂದ ಎತ್ತಿ ಹಾಗೇ ತಂದಿದ್ದಾರೆ, ಸೆರಗು ತೊಯ್ದು ಎದೆಗೆ ತಣ್ಣಗೆ ಅಂಟುತ್ತಿದೆ, ತೆಗೆಯಬೇಕೋ ಹಾಗೇ ಇರಬೇಕೋ — ಪಕ್ಕದ ಸಾಹೇಬರು ತೆಗೆದು ಮೇಜಿನ ಮೇಲಿಟ್ಟರು, ಶಿವಬಸಮ್ಮನೂ ತೆಗೆದಿಟ್ಟಳು, ದೊಡ್ಡವರು ಮಾಡಿದಂತೆ ಮಾಡಿದರೆ ತಪ್ಪಿಲ್ಲ, ಎಪ್ಪತ್ತಾರು ವರ್ಷಕ್ಕೆ ಮೊದಲ ಸಲ ವೇದಿಕೆ ಹತ್ತಿದ ಹೆಂಗಸು ಮತ್ತೇನು ಮಾಡಿಯಾಳು. ಇವತ್ತು ಸೆಪ್ಟೆಂಬರ್ ಹದಿನೇಳು, ನಿಜಾಮನ ರಾಜ್ಯ ಮುಗಿದು ರಾಯಚೂರು ಸೀಮೆ ಭಾರತಕ್ಕೆ ಸೇರಿದ ದಿನ, ಹೊರಗೆ ಬಾವುಟ ಹಾರಿಸಿ ಆಯಿತು, ಒಳಗೆ ಸನ್ಮಾನ, ಮೈಕಿನ ಮುಂದೆ ಶಾಕಿರ್ ಮಾಸ್ತರು ಅವಳ ಅಪ್ಪನ ಹೆಸರು ಓದುತ್ತಿದ್ದಾರೆ, ಹೋರಾಟಗಾರ ದಿವಂಗತ ಗಡಿಗೆಪ್ಪನವರು, ಗಬ್ಬೂರಿನ ಹುಲಿ — ಹುಲಿಯಂತೆ ಹುಲಿ, ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಹೊರಡುವ ಕಾಲನ್ನು ಹಿಂದಕ್ಕಿಡುತ್ತಿದ್ದ ಅಪ್ಪ, ಅವಳಿಗೆ ನಗು ಬಂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಾ ಓದೂದು ಆದ ಮ್ಯಾಲೆ ನಿಮ್ಮವು ಎರಡು ಮಾತು ರೀ ಅಮ್ಮಾ, ಎಂದು ಮಾಸ್ತರು ಆಗಲೇ ಹೇಳಿದ್ದಾರೆ. ಎರಡೇ ಮಾತು, ಆದರೆ ಯಾವ ಎರಡು? ಬೆಳಿಗ್ಗೆ ದೇವದುರ್ಗದಿಂದ ಬರುವಾಗ, ಬಸ್ಸು ಗಬ್ಬೂರು ದಾಟುತ್ತಲೇ ಮಗ ಪಂಪಾಪತಿ ಕಿವಿಯ ಹತ್ತಿರ ಬಾಯಿ ತಂದಿದ್ದ, ಯವ್ವಾ, ಮುತ್ಯಾನ ಸುದ್ದಿ ಎಷ್ಟು ಬೇಕಾದ್ರ ಹೇಳು, ಅಜ್ಜಿ ಉಡಿಕಿ ಸುದ್ದಿ ಮಾತ್ರ ತೆಗೀಬ್ಯಾಡ, ಬೀಗರು ಬರಾಕತ್ತಾರ. ಬೀಗರು ಅಲ್ಲೇ ಮೂರನೇ ಸಾಲಿನಲ್ಲಿ ಅವನ ಮಗ್ಗುಲಿಗೇ ಕೂತಿದ್ದಾರೆ, ಮಾನ್ವಿಯ ಅಕ್ಕಿ ಗಿರಣಿಯವರು, ಮೊಮ್ಮಗಳು ಶೈಲಶ್ರೀಯನ್ನು ಸೊಸೆ ಮಾಡಿಕೊಳ್ಳಲು ಒಪ್ಪಿದವರು, ಇನ್ನು ಹನ್ನೆರಡು ದಿನಕ್ಕೆ ನಿಶ್ಚಯ. ಉಡಿಕಿ ಎಂದರೆ ಗಂಡ ಸತ್ತವಳಿಗೆ ಎರಡನೇ ಸಲ ತಾಳಿ ಕಟ್ಟುವುದು, ಕಳವಲ್ಲ ಹಾದರವಲ್ಲ, ಪಂಚರೇ ನಿಂತು ಮಾಡಿಸುವುದು, ಆದರೂ ಉಡಿಕಿ ಸಾಲಿನ ಮನೆ ಎಂದ ಕೂಡಲೇ ಮೂಗು ಮುರಿಯುವವರು ಇನ್ನೂ ಇದ್ದಾರೆ, ಪಂಪಾಪತಿಯ ಹೆದರಿಕೆ ಸುಳ್ಳಲ್ಲ. ಮೂಗು ಮುರಿಯುವವರಿಗೆ ಯಾರು ಹೇಳಬೇಕು, ಅವ್ವ ಬಂಡೆಮ್ಮನಿಗೆ ಎರಡನೇ ತಾಳಿ ಕಟ್ಟಿದವನು ಅವಳ ಮೊದಲನೇ ಗಂಡನೇ ಎಂದು.

ಅಪ್ಪ ತುಂಗಭದ್ರೆ ದಾಟಿ ಆಚೆಯ ಹೋರಾಟಗಾರರ ಶಿಬಿರ ಸೇರಿಕೊಂಡಿದ್ದ, ಈಚೆ ಮನೆಯಲ್ಲಿ ಹತ್ತೊಂಬತ್ತರ ಅವ್ವ, ವಾರಕ್ಕೆರಡು ಸಲ ನಿಜಾಮನ ಪೊಲೀಸ್ ಅಮೀನ ಬಂದು ಗಂಡ ಎಲ್ಲಿ ಎಂದು ಕಣಜಕ್ಕೆಲ್ಲ ಭರ್ಜಿ ಚುಚ್ಚಿಸುತ್ತಿದ್ದ, ಕೊನೆಗೆ ಮಾವನನ್ನೇ ಎಳೆದೊಯ್ದರು, ಮಗ ಸಿಗುವವರೆಗೆ ಮುದುಕ ಒಳಗಿರಲಿ ಎಂದು. ಆಗ ಹೊಳೆಯಾಚೆಯಿಂದ ಅಪ್ಪನ ಮಾತು ತಂದವನು ಇದೇ ಶಾಕಿರ್ ಮಾಸ್ತರ ಅಜ್ಜ, ದೋಣಿಯವನು, ನಾ ಸತ್ತೀನಿ ಅಂತ ಹೇಳ್ರಿ, ನಂಬೂ ಹಂಗ ಹೇಳ್ರಿ. ನಂಬುವ ಹಾಗೆ ಎಂದರೆ ಹೇಗೆ, ಬಾಯಿಮಾತಿಗೆ ಯಾವ ಅಮೀನ ನಂಬುತ್ತಾನೆ, ಅವ್ವ ಊರ ಬಾವಿಯ ಕಟ್ಟೆಯಲ್ಲಿ ಪಂಚರ ಮುಂದೆ ಕೂತಳು, ಎರಡೂ ಕೈ ಕಲ್ಲಿಗೆ ಬಡಿದಳು, ಹಸಿರು ಬಳೆ ಒಡೆದವು, ತಾಳಿ ಹರಿಯಿತು, ಎದೆ ಬಡಿದುಕೊಂಡು ಅತ್ತಳು, ಅಳೂದು ಒಂದು ಖರೇನ ಇತ್ತು ಬಿಡವ್ವ, ಎಂದು ಆಮೇಲೆ ಅವಳೇ ಹೇಳುತ್ತಿದ್ದಳು. ಅಮೀನ ನಂಬಿದ, ಮಾವ ಮನೆಗೆ ಬಂದ, ಹುಡುಕಾಟ ನಿಂತಿತು, ಅಪ್ಪ ಆಚೆ ಉಳಿದ.

ಮತ್ತೆ ನಾಲ್ಕು ತಿಂಗಳಿಗೆ ರಾಜ್ಯವೇ ಹೋಯಿತು, ಅಪ್ಪ ಗಡ್ಡ ಬಿಟ್ಟುಕೊಂಡು ಜೀವಂತ ಬಂದ, ಊರು ಡೊಳ್ಳು ಬಡಿಯಿತು, ಅವ್ವ ಬರಿಗೈಯಲ್ಲಿ ಬಾಗಿಲಿಗೆ ಬಂದಳು, ಆರತಿ ಹಿಡಿಯುವ ಹಾಗಿಲ್ಲವಲ್ಲ. ನಾಟಕ ರೀ ಅದು, ಎಂದ ಅಪ್ಪ ಊರವರಿಗೆ. ಪಂಚರಲ್ಲಿ ಹಿರಿಯ ಒಬ್ಬ ಎಲೆಅಡಿಕೆ ಉಗುಳಿ ಬಂದು ಕೂತ, ಮಾತು ಆಡಿದರ ಹೋತು, ಮುತ್ತು ಒಡದರ ಹೋತು, ಗಡಿಗೆಪ್ಪಾ, ಪಂಚರಂದ್ರ ದೈವ, ದೈವದ ಮುಂದ ಒಡೆದ ಬಳಿ ನಾಟಕ ಆಗೂದಿಲ್ಲ, ಬೇಕಾದ್ರ ಉಡಿಕಿ ಮಾಡ್ಕೋ. ನಿಜಾಮನಿಗೆ ಬಗ್ಗದವನು ಐದು ಮಂದಿ ಪಂಚರಿಗೆ ಬಗ್ಗಿದ, ಇದನ್ನು ನೆನೆದರೆ ಶಿವಬಸಮ್ಮನಿಗೆ ಇಂದಿಗೂ ಸಿಟ್ಟು ಬರುತ್ತದೆ, ಬಗ್ಗದೆ ಮಾಡುವುದೇನಿತ್ತು ಎಂದು ಮರುಗಳಿಗೆಗೆ ಕನಿಕರವೂ ಬರುತ್ತದೆ. ಹಿತ್ತಲಲ್ಲಿ, ಮುತ್ತೈದೆಯರ ಕಣ್ಣಿಗೆ ಬೀಳದಂತೆ, ತನ್ನ ಹೆಂಡತಿಯನ್ನು ತಾನೇ ಉಡಿಕಿ ಮಾಡಿಕೊಂಡ, ಮರುವರ್ಷ ಇವಳು ಹುಟ್ಟಿದಳು. ಅಲ್ಲಿಂದ ಸಾಯುವ ತನಕ ಬಂಡೆಮ್ಮನಿಗೆ ಯಾರೂ ಉಡಿ ತುಂಬಲಿಲ್ಲ, ಯಾವ ಮದುವೆಗೂ ಐದು ಮುತ್ತೈದೆಯರಲ್ಲಿ ಒಬ್ಬಳಾಗಿ ಕರೆಯಲಿಲ್ಲ, ಅಪ್ಪನೂ ಮದುವೆ ಮನೆಗಳಿಗೆ ಹೋಗುವುದು ಬಿಟ್ಟ, ಅವನಿಗೆ ತಾಮ್ರಪತ್ರ ಬಂದ ದಿನ ಅವ್ವ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಗೋಡೆಗೆ ತೂಗುಹಾಕಿದಳು. ಮತ್ತು ಅವ್ವನ ಆ ಕೈ — ದೇವದುರ್ಗದ ಹತ್ತಿರದ ಜಾಲಹಳ್ಳಿಯ ಚಪ್ಪರದ ಕೆಳಗೆ, ಇವಳ ಮದುವೆಯಲ್ಲಿ, ಅರಿಷಿಣ ಅದ್ದಿದ ಕೈ ಇವಳ ಕೆನ್ನೆಯವರೆಗೆ ಬಂದು ನಿಂತದ್ದು, ಅತ್ತಿ ಬ್ಯಾಡಂದ್ರು, ಎಂದು ಇವಳು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳುತ್ತ ಬಂದದ್ದು, ಅತ್ತೆ ಸತ್ತು ಮೂವತ್ತು ವರ್ಷ, ಸತ್ತವರು ಬಂದು ಇಲ್ಲ ಎನ್ನುವುದಿಲ್ಲ, ಬೇಡ ಬಿಡು, ಈಗ ಅದೇಕೆ.

ಕುಂಕುಮದ ತಟ್ಟೆ ಹಿಡಿದು ಟೀಚರಮ್ಮ ಒಬ್ಬರು ವೇದಿಕೆಯ ಸಾಲಿನಲ್ಲಿ ಬರುತ್ತಿದ್ದಾರೆ, ಸಾಹೇಬರ ಹಣೆಗೆ, ಮೇಡಮ್ಮನ ಹಣೆಗೆ, ಇವಳ ಮುಂದೆ ಬಂದು ನಿಂತರು, ಇವಳ ಹಣೆಯ ವಿಭೂತಿ ನೋಡಿದರು, ಬರಿ ಕೊರಳು ನೋಡಿದರು, ಬೆರಳು ಗಾಳಿಯಲ್ಲೇ ನಿಂತಿತು, ತಪ್ಪು ತಿಳ್ಕೋಬ್ಯಾಡ್ರಿ ಅಮ್ಮಾ, ಎಂದು ಸಣ್ಣಗೆ ಹೇಳಿ ಮುಂದಿನ ಕುರ್ಚಿಗೆ ಹೋದರು — ಪಾಪ, ಮರ್ಯಾದಸ್ತ ಹೆಣ್ಣುಮಗಳು, ಅವರದೇನು ತಪ್ಪು, ಬರ್ರಿ ಶಿವಬಸಮ್ಮನವರು ಎಂದು ಮಾಸ್ತರು ಕರೆದರು, ಎದ್ದಳು, ಮೈಕು ಎತ್ತರವಿತ್ತು, ಮಾಸ್ತರು ಇಳಿಸಿಕೊಟ್ಟರು. ನಮ್ಮಪ್ಪ ಹೊಳಿ ದಾಟಿದ್ದು ನಿಮಗೆಲ್ಲ ಗೊತ್ತದ, ಎಂದಳು, ಚಪ್ಪಾಳೆ, ಪಂಪಾಪತಿ ನಕ್ಕು ತಲೆಯಾಡಿಸಿದ, ಇಲ್ಲಿಗೇ ನಿಲ್ಲಿಸಬಹುದು, ಕೈಮುಗಿದು ಕೂರಬಹುದು, ಶೈಲಶ್ರೀಯ ಮುಖ ಕಣ್ಣ ಮುಂದೆ ಬಂತು, ಹುಡುಗಿಗೆ ಆ ಮನೆ ಇಷ್ಟ, ಆ ಹುಡುಗ ಇಷ್ಟ, ಆದರೆ ನಾಲಿಗೆ ನಿಲ್ಲಲಿಲ್ಲ, ನಮ್ಮವ್ವ ಬಂಡೆಮ್ಮ, ಆತನ ಜೀವ ಉಳಸಾಕ ಗಂಡ ಇದ್ದಾಗಽ ಬಳಿ ಒಡಕೊಂಡು ರಂಡಿಯಾದಾಕಿ, ಆತ ಬಂದ ಮ್ಯಾಲೆ ಉಡಿಕಿ ಆದಾಕಿ, ನಾ ಉಡಿಕಿ ಹೊಟ್ಟಿಲೆ ಹುಟ್ಟಿದ ಮಗಳು. ಪಂಪಾಪತಿ ನೆಲ ನೋಡಿದ, ಗಿರಣಿಯವರ ಹಿರಿಯ ಹೆಂಗಸು ಮುಂದಕ್ಕೆ ಬಾಗಿದಳು, ಸಿಟ್ಟಿಗೋ ಸರಿಯಾಗಿ ಕೇಳಿಸಿಕೊಳ್ಳಲಿಕ್ಕೋ ತಿಳಿಯಲಿಲ್ಲ, ಆಗಲಿ, ಅರ್ಧ ಹೇಳಿ ಅರ್ಧ ನುಂಗಿದರೆ ಅದೂ ಸುಳ್ಳೇ, ನನ್ನ ಮದಿವ್ಯಾಗ ಆಕಿ ಅರಿಷಿಣ ಹಚ್ಚಾಕ ಬಂದಳ್ರಿ, ನಮ್ಮತ್ತಿ ಏನೂ ಅಂದಿಲ್ಲ, ಹಿಂಗ ನೋಡಿದಳು ಅಷ್ಟಽ, ನೀ ಬ್ಯಾಡಬೇ ಯವ್ವಾ ಅಂದಾಕಿ ನಾನು — ಮಾಸ್ತರು ನೀರಿನ ಲೋಟ ತರುತ್ತಿದ್ದಾರೆ, ಬೇಡ, ಬೇಡ, ಅವ್ವನ ಕೈ ನಿಂತಿದೆ, ಬಳೆಯ ಗಾಯದ ಕಲೆಯಿರುವ ಕೈ, ಬೆರಳ ತುದಿಯಿಂದ ಅರಿಷಿಣ ತೊಟ್ಟಿಕ್ಕುತ್ತಿದೆ, ಕೆನ್ನೆಗೆ ನಾಲ್ಕೇ ಬೆರಳಿನ ದೂರ, ಕೈ.