ಹದಿನಾಲ್ಕನೆಯ ಸಾಲು

ಹದಿಮೂರು, ಹಾಸಿಗೆ, ಎರಡು, ನೀರು ಕುಡಿದು ಹೆಣಭಾರವಾದವು, ಹಾಗೆಲ್ಲ ಬರೆಯುವಂತಿಲ್ಲ, ಪೂರ್ತಿ ಹಾನಿ ಅಂದರೆ ಸಾಕು, ಹದಿನಾಲ್ಕು, ಮರದ ಬೀರು, ನನ್ನ ಮೊದಲ ಸಂಬಳದ್ದು, ನೆರೆ ಇಳಿದ ಮೇಲೆ ಉಬ್ಬಿಕೊಂಡು ಬಾಗಿಲೇ ಮುಚ್ಚದ ಬೀರು — ಅಕ್ಕಾ, ಇನ್ನೊಂದ್ ಲೋಟ ಚಹಾ ಕೊಡ್ಲಾ, ಒಳಗಿನಿಂದ ಮೈದುನನ ಹೆಂಡತಿ, ನಿಮ್ಮನೇನೇ ಅಂದ್ಕೊಳ್ಳಿ, ಅಂದುಕೊಳ್ಳುವುದೇನು, ನನ್ನ ಮನೆ ಕೆಳಗೆ ಕೆಸರು ನಾರುತ್ತಿದೆ, ಅವಳ ಮಹಡಿಗೆ ಒಂದು ಹನಿ ಏರಲಿಲ್ಲ, ಅವಳ ಒಣ ಮೇಜಿನ ಮೇಲೆ ನನ್ನ ನಷ್ಟ ಬರೆಯುತ್ತಿದ್ದೇನೆ. ವಿಮೆಯವನು ಬೆಳಿಗ್ಗೆಯೇ ಹೇಳಿ ಹೋದ, ಮೇಡಂ, ಒಂದೊಂದ್ ಸಾಮಾನಿಗೂ ನೆರೆಗೆ ಮುಂಚಿನ ಪೂರ್ತಿ ಫೋಟೋ ಬೇಕು, ಕತ್ತರಿಸಿದ್ದು ನಡೆಯಲ್ಲ, ಫೋಟೋ ಇಲ್ದಿದ್ರೆ ಆ ಸಾಲು ಹೊಡೆದುಹಾಕಿ. ನನ್ ಫೋನಲ್ಲಿ ನೋಡೇ, ಎಲ್ಲಾ ಇದೆ, ಅಂದರು ಇವರು. ಎಲ್ಲಾ ಇದೆ, ನಿಜ. ಬೀರಿನ ಮುಂದೆ ಅವಳು, ಈ ಚಹಾದವಳೇ, ಬೀರಿಗೆ ಒರಗಿ ಅವಳು, ನಗುತ್ತ ಬೀರಿನ ಹಿಡಿಯ ಮೇಲೆ ಕೈಯಿಟ್ಟು ಅವಳು, ನಾನೆಲ್ಲಿ, ಹಾಂ, ಅಂಚಿನಲ್ಲಿ ಒಂದು ಮೊಣಕೈ, ಬಿಸ್ಕತ್ತಿನ ತಟ್ಟೆ ಹಿಡಿದದ್ದು. ಏನ್ರೀ, ಒಂದರಲ್ಲೂ ನಾನಿಲ್ವಲ್ಲ ಅಂದರೆ, ನೀನು ಒಂದ್ ಕಡೆ ನಿಂತ್ರೆ ತಾನೇ. ಹೌದಪ್ಪ, ನಾನು ಓಡಾಡುವವಳು, ನಿಲ್ಲುವವಳು ಅವಳು, ನಿಂತರೂ ಎಷ್ಟು ಚೆಂದ ಬೆಳಕು ಬೀಳಿಸಿದ್ದಾರೆ ಪುಣ್ಯಾತ್ಮರು, ನನ್ನದೊಂದು ತೆಗೆಯಿರಿ ಅಂದಾಗ ಮಾತ್ರ ಚಾರ್ಜ್ ಇಲ್ಲ ಕಣೇ. ಅವಳದೇನು ತಪ್ಪು, ನೀರು ನುಗ್ಗಿದ ದಿನ ಮೆಟ್ಟಿಲಿಳಿದು ಬಂದು ನನ್ನನ್ನು ಹಿಡಿದೆತ್ತಿದವಳು ಅವಳೇ, ಇದೇ ಕೈ, ಅದೇ ಉರಿ ನನಗೆ, ಬೈಯುವುದಕ್ಕೊಂದು ನೆಪವನ್ನೂ ಕೊಡದವಳು. ಹಿಡಿಯ ಮೇಲೆ ಅವಳ ಕೈ, ಎಷ್ಟು ಸಲೀಸಾಗಿ ಇಟ್ಟಿದ್ದಾಳೆ, ತನ್ನದೇ ಬೀರು ಅನ್ನುವ ಹಾಗೆ, ಮೊದಲ ದಿನ ನಾನೇ ಆ ಹಿಡಿಯನ್ನು ಸೆರಗಿನಿಂದ ಒರೆಸಿ ಒರೆಸಿ ಮುಟ್ಟಿದ್ದೆ. ಇದನ್ನು ಕಳಿಸಿದರೆ ಬೀರು ಬರುತ್ತದೆ, ಹೊಸದು, ಯಾರೋ ಗುರುತಿಲ್ಲದವರು ಕಚೇರಿಯಲ್ಲಿ ಕೂತು ನೋಡುತ್ತಾರೆ, ಓ, ಈ ಮನೆಯ ಯಜಮಾನಿ ಇವರೇ ಇರಬೇಕು — ಅಕ್ಕಾ, ಚಹಾ ಆರ್ತಿದೆ. ಹೂಂ, ಬಂದೆ ಕಣಮ್ಮ. ಪೆನ್ನು ಒತ್ತಿ ಒಂದೇ ಗೆರೆ, ಹದಿನಾಲ್ಕರ ಮೇಲೆ, ಈ ತುದಿಯಿಂದ ಆ ತುದಿಗೆ. ಬೀರಿನ ಫೋಟೋ ಸಿಕ್ತೇನೇ, ಇವರು. ಇಲ್ಲ ರೀ, ಸಿಗಲಿಲ್ಲ. ಛೇ, ಹೋಗಲಿ ಬಿಡು. ಹೋಗಲಿ, ಹದಿನೈದು, ಹೊಲಿಗೆ ಯಂತ್ರ, ಒಂದು, ಹದಿನಾರು, ಹಿಡಿಯ ಮೇಲೆ ಅವಳ ಕೈ, ಹದಿನಾರು, ಹಿಡಿಯ ಮೇಲೆ