ಬೆಳಗಿನ ಪಾಠ, ಸಂಜೆಯ ಮೈದಾನ

ಅಮೆರಿಕದ ಒಹಾಯೊದ ಒಂದು ಸಣ್ಣ ಕಾಲೇಜಿನಲ್ಲಿ ಎಬನ್ ಸ್ಟ್ರೌಡ್ ಬೆಳಿಗ್ಗೆ ಭೂವಿಜ್ಞಾನದ ಪ್ರೊಫೆಸರ್, ಸಂಜೆ ಫುಟ್‌ಬಾಲ್ ಕೋಚ್. ಹರೆಯದಲ್ಲಿ ಅದೇ ಕಾಲೇಜಿನ ಮೊದಲ ತಂಡದಲ್ಲಿ ಆಡಿದವರು. ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು, ತಲೆಗೆ ಏನೂ ಕಟ್ಟಿಕೊಳ್ಳದೆ, ಗೂಳಿಗಳ ಹಾಗೆ ಒಬ್ಬರ ಮೇಲೊಬ್ಬರು ನುಗ್ಗುತ್ತಿದ್ದ ಕಾಲ ಅದು. ಮುರಿದ ಮೂಗು, ಮಡಚಲಾಗದ ಮಂಡಿ ಅಲ್ಲಿಂದ ಬಂದವು. ನಲವತ್ತು ದಾಟುತ್ತಲೇ ಅವರಿಗೆ ಎಲ್ಲವೂ ಸಾಕೆನಿಸಿತ್ತು.

1908ರ ನವೆಂಬರ್, ಶುಕ್ರವಾರ. ತರಗತಿಯಲ್ಲಿ ಸುಣ್ಣಕಲ್ಲಿನ ತುಂಡೊಂದನ್ನು ಲೆವಿ ಗಾರ್ನರ್‌ನ ಕೈಗಿಟ್ಟು, "ಇದೇನಪ್ಪಾ?" ಎಂದರು. ಲೆವಿ ತಂಡದ ಜೀವಾಳ, ಓದಿನಲ್ಲೂ ಮುಂದು. ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ.

"ಗೊತ್ತು ಸರ್... ಮೊನ್ನೆ ಗೊತ್ತಿತ್ತು."

ಎಲ್ಲರೂ ಗೊಳ್ಳೆಂದು ನಕ್ಕರು. ಸ್ಟ್ರೌಡ್‌ಗೆ ನಗು ಬರಲಿಲ್ಲ. ಹಿಂದಿನ ಶನಿವಾರ ಲೆವಿ ತಲೆಗೆ ಪೆಟ್ಟು ತಿಂದು ಬಿದ್ದಾಗ, ಮುಖಕ್ಕೆ ನೀರೆರಚಿ ಎಬ್ಬಿಸಿ ಮತ್ತೆ ಆಡಿಸಿದವರು ಅವರೇ.

"ನಾಳೆ ಪಂದ್ಯದಲ್ಲಿ ನೀನು ಆಡೋ ಹಾಗಿಲ್ಲ."

"ಸರ್, ನಮ್ಮಪ್ಪ ನೋಡೋಕಂತ ಬರ್ತಿದಾರೆ! ನೀವು ಮೂಗು ಮುರ್ಕೊಂಡೂ ಆಡಿದ್ರಂತಲ್ಲ?"

"ಆಡ್ದೆ. ಅದೇನು ಹೆಚ್ಚುಗಾರಿಕೆ ಅಲ್ಲ ಕಣೋ. ಬೇಡ ಅನ್ನೋರು ಯಾರೂ ಇರ್ಲಿಲ್ಲ."

ಮಧ್ಯಾಹ್ನ ಕಾಲೇಜಿನ ಮುಖ್ಯಸ್ಥ ಹ್ಯಾಸ್ಕೆಲ್ ಏದುಸಿರು ಬಿಡುತ್ತಾ ಬಂದರು. "ಏನ್ರೀ ಸ್ಟ್ರೌಡ್, ಹಳೇ ವಿದ್ಯಾರ್ಥಿಗಳೆಲ್ಲ ಬಂದು ಕೂತಿರ್ತಾರೆ. ಇದೊಂದು ಪಂದ್ಯ ಆಡ್ಲಿ ಬಿಡ್ರೀ!"

"ಬೇಕಾದ್ರೆ ನನ್ನನ್ನೇ ಮೈದಾನಕ್ಕೆ ಇಳ್ಸಿ ಸರ್. ಅವನನ್ನ ಬಿಡಲ್ಲ."

ಶನಿವಾರ ತಂಡ ಹೀನಾಯವಾಗಿ ಸೋತಿತು. "ಕುಂಟ ಪ್ರೊಫೆಸರ್, ಹೋಗಿ ಕಲ್ಲು ಒಡಿ!" ಎಂದು ಯಾರೋ ಕೂಗಿದರು. ಕಂಬಳಿ ಹೊದ್ದು ಬೆಂಚಿನಲ್ಲಿ ಕೂತಿದ್ದ ಲೆವಿ ಸ್ಟ್ರೌಡ್ ಕಡೆ ತಿರುಗಿಯೂ ನೋಡಲಿಲ್ಲ. ಆಟ ಮುಗಿದ ಮೇಲೆ ಅವನ ಅಪ್ಪ, ಆಜಾನುಬಾಹು ಹಿಟ್ಟಿನ ಗಿರಣಿಯವನು, ದಾಪುಗಾಲು ಹಾಕುತ್ತಾ ಬಂದ. ಬೈಸಿಕೊಳ್ಳಲು ಸಿದ್ಧರಾಗಿ ಸ್ಟ್ರೌಡ್ ನಿಂತರು.

"ಬೆಳಿಗ್ಗೆ ಸ್ಟೇಷನ್ನಲ್ಲಿ ನಾನ್ಯಾರು ಅಂತ ಇವನಿಗೆ ತಕ್ಷಣ ಗೊತ್ತಾಗ್ಲಿಲ್ಲ ಸರ್," ಎಂದ ಆತ. "ಮನೆಗೆ ಕರ್ಕೊಂಡ್ ಹೋಗ್ತೀನಿ."

ಸ್ಟ್ರೌಡ್ ಹೂಂ ಎಂದು ತಲೆಯಾಡಿಸಿದರು.

ಸೋಮವಾರ, ಇನ್ನು ಕೋಚ್ ಕೆಲಸ ಮಾಡುವುದಿಲ್ಲವೆಂದರು. ಹ್ಯಾಸ್ಕೆಲ್ ತಡೆಯಲಿಲ್ಲ. ಚಳಿಗಾಲ ಕಳೆದು ಲೆವಿ ಮರಳಿದ. ಮೊದಲಿನ ಚುರುಕಿರಲಿಲ್ಲ, ಬೆಳಕು ಹೆಚ್ಚಾದರೆ ಕಣ್ಣು ಮುಚ್ಚುತ್ತಿದ್ದ. ಸ್ಟ್ರೌಡ್ ಸಂಜೆ ಸಂಜೆ ಅವನನ್ನು ಮನೆಗೆ ಕರೆದು, ದೀಪ ಸಣ್ಣಗೆ ಮಾಡಿ, ತಪ್ಪಿದ ಪಾಠಗಳನ್ನು ಮೊದಲಿನಿಂದ ಹೇಳಿಕೊಟ್ಟರು. ಹೇಳಿದ್ದನ್ನೇ ಮತ್ತೆ ಹೇಳಬೇಕಾಗುತ್ತಿತ್ತು.

"ಹೇಳಿ ಹೇಳಿ ಸಾಕಾಯ್ತಾ ಸರ್?" ಎಂದು ಅವನು ಕೇಳುತ್ತಿದ್ದ.

"ಸಾಕಾಗಿ ಯಾವ ಕಾಲ ಆಯ್ತೋ. ನೀನು ಓದು," ಎನ್ನುತ್ತಿದ್ದರು.